ನೀಲಿ ಗುಹೆಯ ತೀರ್ಥ

ಎರಡು ಸಾವಿರದ ಐದರ ಆಸುಪಾಸಿನಲ್ಲಿ ನಾನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಆ ದೇಶದ ಉತ್ತರದ ಹಿಮನದಿಯೊಂದರ ಅಡಿಯಲ್ಲಿ ಬೇಸಿಗೆಯ ನೀರು ಕೊರೆದ ಮಂಜುಗಡ್ಡೆಯ ಗುಹೆಗೆ ಹೋಗುವ ಅವಕಾಶ ಸಿಕ್ಕಾಗ ವಾರವಿಡೀ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿನದೇ ಇನ್ನೊಂದು ಊರು ಕಾರ್ಲ್‌ಸ್ಕ್ರೂನಾದಲ್ಲಿ ಕೆಲಸದಲ್ಲಿದ್ದ, ಬೆಂಗಳೂರಿನವನಾದ ನನ್ನ ಗಂಡ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಲ್ಲಿ ಏನೂ ಮುಟ್ಬೇಡ ಮಹರಾಯ್ತಿ. ನಿನ್ ಪಿಎಚ್‌ಡಿ ಇರೋದೇ ಆ ನೀರಿನ ಬಾಟ್ಲೀಲಿ."

ಮಾತು ನಿಜ. ಗುಹೆಯ ಚಾವಣಿಯಲ್ಲಿ ಬೂದಿ ಬಣ್ಣದ ಪಟ್ಟಿಯೊಂದಿತ್ತು. ಅದು ಎಂದೋ ಬಿದ್ದ ಹಳೆಯ ಹಿಮ. ಅದು ಕರಗಿ ತೊಟ್ಟಿಕ್ಕುವ ನೀರಿನಲ್ಲಿ ಆ ಕಾಲದ ಚಳಿ, ಧೂಳು ಎಲ್ಲದರ ಗುರುತು ಉಳಿದಿರುತ್ತದೆ. ಅದನ್ನು ಬಾಟಲಿಯಲ್ಲಿ ಹಿಡಿದು ತಂದು ಪರೀಕ್ಷಿಸುವುದೇ ನನ್ನ ಸಂಶೋಧನೆ. ನಮ್ಮ ಕೈ ತಾಗಿದರೆ ಬೆವರಿನ ಉಪ್ಪು ಸೇರಿ ಎಲ್ಲ ಹಾಳು. ಬಾಟಲಿ ತುಂಬಲು ಅರ್ಧ ದಿನ ಬೇಕು, ಮರುದಿನ ಮಧ್ಯಾಹ್ನಕ್ಕೆ ಹೆಲಿಕಾಪ್ಟರ್ ಬರುತ್ತದೆ.

ಒಳಗೆ ನೀಲಿ ಅಂದರೆ ಎಂಥ ನೀಲಿ! ಏಕೆಂದು ಗೊತ್ತಿಲ್ಲದೆ ನಕ್ಕೆ, ಗುಹೆಯೂ ನಕ್ಕಿತು. ಮಾತೆಂದರೆ ಮಾರು ದೂರ ನಿಲ್ಲುವ ನನ್ನ ಪ್ರೊಫೆಸರ್ ಬಾಟಲಿಯನ್ನು ಆ ಪಟ್ಟಿಯ ಕೆಳಗೆ ಕಲ್ಲುಗಳ ನಡುವೆ ನಿಲ್ಲಿಸಿ, ಕಾಯಲು ನನ್ನನ್ನು ಕೂರಿಸಿ, ಅಳತೆಯ ಟೇಪು ಹಿಡಿದು ಒಳಕ್ಕೆ ಹೋದರು.

ನೀರು ಬಾಟಲಿಯ ಕಂಠದವರೆಗೆ ಬಂದಿತ್ತು. ಫೋಟೋ ತೆಗೆಯಲೆಂದು ಬಲಗೈಯ ಗ್ಲೌಸ್ ಕಳಚಿದ್ದೆ. ಮೇಲಿನಿಂದ ತಣ್ಣಗೆ ಬೀಳುವ ನೀರು, ಕೆಳಗೆ ಖಾಲಿ ಬಲಗೈ. ಉಡುಪಿಯಲ್ಲಿ ಬೆಳೆದ ಕೈಗೆ ಇನ್ನೇನು ಗೊತ್ತು? ತಾನಾಗಿ ಗುಳಿಯಾಗಿ ಮುಂದೆ ಚಾಚಿತು. ಮೂರು ಸಲ ಕುಡಿದು, ಒದ್ದೆ ಕೈಯನ್ನು ಶಾಸ್ತ್ರೋಕ್ತವಾಗಿ ತಲೆಗೆ ಒರೆಸಿಕೊಂಡ ಮೇಲೆಯೇ ಹೊಳೆದದ್ದು: ಬೆರಳ ಸಂದಿಯಿಂದ ಸೋರಿದ್ದೆಲ್ಲ ಬಾಟಲಿಗೇ ಬಿದ್ದಿತ್ತು.

ಯಾರೂ ನೋಡಿರಲಿಲ್ಲ. ಮುಚ್ಚಳ ಹಾಕಿದ್ದರೆ ಮುಗಿಯುತ್ತಿತ್ತು. ಭಯವಾಯಿತು, ನಿಜ, ಆದರೆ ಭಯದ ಜೊತೆಗೇ ನಗುವೂ ಉಕ್ಕುತ್ತಿತ್ತು. ಸುಳ್ಳು ಹೇಳಲು ಮುಖ ನೆಟ್ಟಗಿರಬೇಕಲ್ಲ. ಪ್ರೊಫೆಸರ್ ಬಂದೊಡನೆ ತೀರ್ಥ, ದೇವಸ್ಥಾನ, ತಲೆಯ ತೆಂಗಿನೆಣ್ಣೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ.

ಅವರು ಬಾಟಲಿಯನ್ನು ಬಗ್ಗಿಸಿದರು. ಅರ್ಧ ದಿನದ ನೀರು ಗಳಗಳ ಹರಿದುಹೋಯಿತು. ಇನ್ನು ನನ್ನನ್ನು ತಂಡದಿಂದ ಕೈಬಿಡುತ್ತಾರೆಂದೇ ಅಂದುಕೊಂಡೆ. ಅವರು ಹೊಸ ಬಾಟಲಿ ತೆಗೆದು ನನ್ನ ಮುಂದೆಯೇ ಇಟ್ಟರು. ಜಗತ್ತು ಮುಳುಗಿದರೂ ಸ್ವೀಡನ್ನಿನವರಿಗೆ ಫಿಕಾದ, ಅಂದರೆ ಕಾಫಿ ವಿರಾಮದ, ಹೊತ್ತು ತಪ್ಪಬಾರದಲ್ಲ, ಥರ್ಮಾಸಿನಿಂದ ಇಬ್ಬರಿಗೂ ಕಾಫಿ ಸುರಿದು ಕೇಳಿದರು, "ರುಚಿ ಹೇಗಿತ್ತು?"

"ಕಲ್ಲು ನೆಕ್ಕಿದ ಹಾಗೆ."

ನೋಟ್‌ಬುಕ್ ತೆರೆದು ಅದನ್ನೂ ಬರೆದುಕೊಂಡರು. ಆಮೇಲೆ ತಲೆಯೆತ್ತದೆ ಹೇಳಿದರು, "ಇಪ್ಪತ್ತು ವರ್ಷದಿಂದ ಇಂಥ ಗುಹೆಗಳಿಗೆ ಬರುತ್ತಿದ್ದೇನೆ. ಆಸೆ ಇತ್ತು, ಧೈರ್ಯ ಇರಲಿಲ್ಲ."