ಆ ಟ್ಯಾಂಕು ಸೋರಿರಲಿಲ್ಲ

ಕಳೆದ ವಾರ ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಕಾರು ನಿಲ್ಲಿಸಿ ಕೆಲಸ ಮುಗಿಸಿ ಬರುವಷ್ಟರಲ್ಲಿ, ಸೀಟಿನ ಮೇಲೆ ಬಿಟ್ಟಿದ್ದ ನೀರಿನ ಬಾಟಲಿ ಕೈ ಸುಡುವಷ್ಟು ಕಾದಿತ್ತು. ಬಾಯಾರಿತ್ತು, ಮುಚ್ಚಳ ತೆಗೆದೆ. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆ... ಕುಡಿಯಲು ಆಗಲಿಲ್ಲ. ಚೆಲ್ಲಲೂ ಆಗಲಿಲ್ಲ. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಹಾಗೆಯೇ ಕುಳಿತಿದ್ದೆ.

ನಾಲ್ಕು ವರ್ಷದ ಹಿಂದೆ ನಾವು ಇದೇ ಊರಿನ ವಾದಿ ಅದಾಯ್‌ನಲ್ಲಿದ್ದೆವು. ನಮ್ಮ ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಒಬ್ಬರು ಮೆಕ್ಯಾನಿಕ್ ಇದ್ದರು. ಐವತ್ತು ದಾಟಿದ ವಯಸ್ಸು. ಹೆಂಡತಿ, ಮಗಳು ಊರಿನಲ್ಲಿ. ನನ್ನ ತವರು ಪುತ್ತೂರು ಎಂದು ತಿಳಿದ ದಿನವೇ ನಾನು ಅವರಿಗೆ ತಂಗಿಯಾದೆ. ಮೈಸೂರಿನವರಾದ ನನ್ನ ಗಂಡ ಭಾವ ಆದರು. ನನ್ನ ಮಕ್ಕಳಿಗೆ ಅವರು ಮಾಮ. "ಎಷ್ಟು ವರ್ಷ ಆಯ್ತು ಭಾವ ಮದುವೆಯಾಗಿ, ‘ವಣಸ್ ಆಂಡಾ’ ಬಿಟ್ರೆ ಇನ್ನೊಂದು ತುಳು ಬರುದಿಲ್ವಲ್ಲ ನಿಮಗೆ" ಎಂದು ಸಿಕ್ಕಾಗಲೆಲ್ಲ ಕೆಣಕುತ್ತಿದ್ದರು. ಊಟವಾಯಿತಾ ಎಂದು ಕೇಳುವ ಅಷ್ಟು ತುಳುವನ್ನೂ ನನ್ನ ಗಂಡ ತಪ್ಪಾಗಿಯೇ ಉಚ್ಚರಿಸುತ್ತಿದ್ದರು.

ಅವರ ಗ್ಯಾರೇಜಿನ ಹಿತ್ತಲಲ್ಲಿ ಒಂದು ಹಳೆಯ ಕ್ಯಾರವಾನ್ ಇತ್ತು. ದೇಶ ಬಿಟ್ಟು ಹೋದ ಯಾರೋ ಬಿಳಿಯರು ಬಿಟ್ಟುಹೋದದ್ದು. ಒಂದು ಇಡೀ ಚಳಿಗಾಲ, ಶುಕ್ರವಾರದ ರಜೆಗಳನ್ನೆಲ್ಲ ಸುರಿದು ಅವರು ಅದನ್ನು ಎಬ್ಬಿಸಿ ನಿಲ್ಲಿಸಿದರು. ಮಲಗಲು ಹಲಗೆ, ಗ್ಯಾಸ್ ಒಲೆ, ಕುಡಿಯುವ ನೀರಿಗೆ ಅರವತ್ತು ಲೀಟರಿನ ಹೊಸ ಟ್ಯಾಂಕು. ಆ ಟ್ಯಾಂಕು ತುಂಬಿಸಿ, ಅಡಿಯಲ್ಲಿ ಹಳೆಯ ಪೇಪರ್ ಹಾಸಿ ಎರಡು ದಿನ ಬಿಟ್ಟರು. ಮೂರನೆಯ ದಿನ ನನ್ನನ್ನೂ ಮಕ್ಕಳನ್ನೂ ಕರೆದು ಪೇಪರ್ ಎತ್ತಿ ತೋರಿಸಿದರು. ಒಂದು ಹನಿಯ ಗುರುತೂ ಇರಲಿಲ್ಲ. ಅವರ ಕೆಲಸದ ರೀತಿಯೇ ಅದು. ಯಾರ ಕಾರನ್ನೇ ರಿಪೇರಿ ಮಾಡಲಿ, ಅಡಿಯಲ್ಲಿ ಪೇಪರ್ ಹಾಸಿ ನೋಡದೆ ಕೊಡುತ್ತಿರಲಿಲ್ಲ.

ಜುಲೈನಲ್ಲಿ ಒಮಾನಿನ ದಕ್ಷಿಣ ತುದಿಯ ಸಲಾಲಾದಲ್ಲಿ ಜಿಟಿಜಿಟಿ ಮಳೆ. ಮಸ್ಕತ್ತಿನ ಬೇಗೆಯಲ್ಲಿ ಬೆಂದವರೆಲ್ಲ ಆ ಮಳೆಗಾಗಿ ಸಾವಿರ ಕಿಲೋಮೀಟರ್ ಮರುಭೂಮಿ ದಾಟಿ ಹೋಗುತ್ತಾರೆ. ಕರಾವಳಿಯವರಿಗಂತೂ ಅದೊಂದು ಹುಚ್ಚು. ಆ ವರ್ಷ ಅವರ ಗಾಡಿಗೆ ಕ್ಯಾರವಾನ್ ಕಟ್ಟಿ ನಾವು ಐವರೂ ಹೊರಟೆವು. ಮಗಳಿಗೆ ಒಂಬತ್ತು, ಮಗನಿಗೆ ಐದು. ಹೊರಡುವ ಮುಂಚೆ ಅವರು ನನಗೆ ಒಂದೇ ಮಾತು ಹೇಳಿದ್ದರು: "ತಂಗಿ, ಟ್ಯಾಂಕಿನ ನೀರು ಕುಡಿಲಿಕ್ಕೆ ಮಾತ್ರ ಆಯ್ತಾ. ಕೈಗೆಲ್ಲ ಟಿಶ್ಯೂ ಉಂಟು. ಮೀಯುದು ಸಲಾಲಾದ ಮಳೆಯಲ್ಲಿ."

ಮೊದಲ ದಿನದ ಸಂಜೆ, ನಡುದಾರಿಯ ಊರು ಹೈಮಾ ಇನ್ನೂ ದೂರವಿರುವಾಗ, ಹೆದ್ದಾರಿಯಿಂದ ಒಂಬತ್ತು ಕಿಲೋಮೀಟರ್ ಒಳಗೆ, ಅವರು ಹಿಂದೊಂದು ಚಳಿಗಾಲದಲ್ಲಿ ತಂಗಿದ್ದ ಒಂದು ಬಯಲಿಗೆ ಹೋದೆವು. ಕಣ್ಣು ಹಾಯುವವರೆಗೆ ಬಿಳಿಚಿದ ಉಪ್ಪು ನೆಲ. ಗಂಡಸರಿಬ್ಬರೂ ಫೋನಿಗೆ ನೆಟ್‌ವರ್ಕ್ ಸಿಗುತ್ತದೋ ನೋಡಲು ಆಚೆಯ ದಿಬ್ಬಕ್ಕೆ ಹೋದರು. ಮಕ್ಕಳ ಕತ್ತಿನಲ್ಲಿ ಬೆವರುಸಾಲೆ, ತಲೆಗೂದಲಲ್ಲಿ ಧೂಳು. ಮೀಯಿಸದೆ ಮಕ್ಕಳನ್ನು ಮಲಗಿಸುವುದು ನಾನು ಹುಟ್ಟಿ ಬೆಳೆದ ಮನೆಯಲ್ಲಿ ಕಂಡದ್ದೇ ಅಲ್ಲ. ಕ್ಯಾರವಾನಿನ ಹಿಂದೆ ನಿಲ್ಲಿಸಿ, ಶಾಂಪೂ ಹಾಕಿ, ಮಗ್ಗಿನ ಮೇಲೆ ಮಗ್ಗು ಸುರಿದೆ. "ಮಾಮ ಸೆಡ್ ನೋ, ಅಮ್ಮಾ" ಎಂದಳು ಮಗಳು. ಸ್ವಲ್ಪವೇ ಅಲ್ಲವಾ ಎಂದೆ. ಆಮೇಲೆ ಕುಚ್ಚಲಕ್ಕಿ ಬೇಯಿಸಿದೆ; ಅದು ನೀರು ಕುಡಿಯುವ ಅಕ್ಕಿ. ಪಾತ್ರೆಗಳನ್ನೂ ತೊಳೆದಿಟ್ಟೆ. ಟ್ಯಾಂಕು ಎಷ್ಟು ಬರಿದಾಯಿತು ಎಂದು ನೋಡಲೇ ಇಲ್ಲ. ನಾನು ಎಂ.ಎಸ್ಸಿ. ಓದಿದವಳು. ಅರವತ್ತರಿಂದ ಕಳೆಯುವ ಲೆಕ್ಕ ನನಗೆ ಬಾರದ್ದೇನಲ್ಲ.

ಬೆಳಿಗ್ಗೆ ಗಾಡಿ ಮುಂದೆ ಹೋಗುತ್ತಲೇ ನೆಲದ ಮೇಲ್ಪದರ ಹಪ್ಪಳದಂತೆ ಮುರಿಯಿತು. ಕೆಳಗೆ ಕೆಸರು. ಅಲ್ಲಿನವರು ಸಬ್ಖಾ ಎನ್ನುವ ನೆಲ ಅದು. ಗಂಡಸರಿಬ್ಬರೂ ಗಾಲಿಗೆ ಹಲಗೆ ಕೊಟ್ಟರು, ಕ್ಯಾರವಾನ್ ಕಳಚಿದರು, ಅಗೆದರು. ಗಾಡಿ ಅಚ್ಚಿನವರೆಗೆ ಹೂತಿತು. ಎಳೆದೂ ಎಳೆದೂ ರೇಡಿಯೇಟರ್ ಕುದಿದು ಇಂಜಿನ್ ನಿಂತಿತು. ಫೋನು ದಿಬ್ಬದ ಮೇಲೂ ಸತ್ತಿತ್ತು. ಒಂಬತ್ತು ಗಂಟೆಗೇ ಬಿಸಿಲು ಬೆನ್ನಿನ ಮೇಲೆ ಕೈಯಿಟ್ಟು ಒತ್ತುವಂತಿತ್ತು.

ರೇಡಿಯೇಟರಿಗೆಂದು ಮಕ್ಕಳ ಮಾಮ ಟ್ಯಾಂಕಿನ ನಲ್ಲಿ ತಿರುಗಿಸಿದರು. ಒಂದಿಷ್ಟು ಗಾಳಿ ಬಂತು, ಅಷ್ಟೆ. ಉಳಿದದ್ದು ಮೂರು ಸಣ್ಣ ಬಾಟಲಿ ನೀರು.

ಅವರು ನನ್ನ ಕಡೆ ನೋಡಲಿಲ್ಲ. ಬಗ್ಗಿ ಟ್ಯಾಂಕಿನ ಅಡಿ ಮುಟ್ಟಿ ನೋಡಿದರು. ಕ್ಯಾರವಾನಿನ ಹಿಂದೆ ಹೋದರು. ಅಲ್ಲಿ ನೆಲದ ಮೇಲೆ ಶಾಂಪೂ ನೊರೆ ಒಣಗಿ ಬಿಳಿಯ ವೃತ್ತವಾಗಿತ್ತು. ಚಪ್ಪಲಿಯಿಂದ ಅದರ ಮೇಲೆ ಮಣ್ಣು ಎಳೆದರು, ಬೆಕ್ಕು ಎಳೆಯುವ ಹಾಗೆ, ಮೆಲ್ಲಗೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಂತರ ನನ್ನ ಗಂಡನ ಬಳಿ ಹೋಗಿ ಹೇಳಿದರು.

"ಟ್ಯಾಂಕ್ ಲೀಕ್ ಆಗಿದೆ ಭಾವ. ವಾಷರ್ ನಾನೇ ಸರಿ ಕೂರಿಸ್ಲಿಲ್ಲ."

ಹೇಳಬೇಕಿತ್ತು ನಾನು. ಬಾಯಿ ತೆರೆದದ್ದು ನೆನಪಿದೆ... ಮಾತು ಬಂದದ್ದು ನೆನಪಿಲ್ಲ. ರಸ್ತೆಗೆ ನಡೆದು ಹೋಗುವುದು ಯಾರು ಎಂಬ ಮಾತು ಬಂದಾಗ ನನ್ನ ಗಂಡ ಶೂ ಕಟ್ಟಿಕೊಳ್ಳತೊಡಗಿದ್ದರು. ಅವರು ಭಾವನನ್ನು ಬಿಡಲಿಲ್ಲ. ತಪ್ಪು ಮಾಡಿದವನು ತಾನು, ದಾರಿ ಗೊತ್ತಿರುವವನೂ ತಾನು ಎಂದರು. ಮಕ್ಕಳನ್ನು ನೆರಳಿನಿಂದ ಹೊರಗೆ ಬಿಡಬಾರದು, ಏನೇ ಆದರೂ ತನ್ನ ಹಿಂದೆ ಬರಬಾರದು ಎಂದರು. ಮಗನನ್ನು ಎತ್ತಿ ಅವನ ನೆತ್ತಿ ಮೂಸಿದರು. "ಒಳ್ಳೆ ಪರಿಮಳ ಉಂಟು ಮಾರಾಯ ನಿನ್ನದು" ಎಂದು ನಕ್ಕರು. ತಲೆಗೆ ಟವೆಲು ಸುತ್ತಿ, ಒಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡದ್ದನ್ನು ನಮಗೆ ಕಾಣುವಂತೆ ಎತ್ತಿ ತೋರಿಸಿ ಹೊರಟರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಎರಡೂ ಬಾಟಲಿ ಮುಗಿದವು. ಮಗ ಅಳುವುದನ್ನೂ ನಿಲ್ಲಿಸಿದ್ದ. ಬೀಸಲು ಏನಾದರೂ ಸಿಗಲಿ ಎಂದು ಅವರು ಮಲಗಿದ್ದ ಹಲಗೆಯ ಚಾಪೆ ಎಳೆದೆ. ಕೆಳಗೆ ಒಂದು ಬಾಟಲಿ ಇತ್ತು. ತುಂಬಿದ್ದು, ಮುಚ್ಚಳವೂ ಒಡೆಯದ್ದು. ನಮಗೆ ಎತ್ತಿ ತೋರಿಸಿದ್ದನ್ನೇ, ಯಾವ ಗಳಿಗೆಯಲ್ಲಿ ಒಳಗೆ ಬಂದು ಇಟ್ಟು ಹೋದರೋ... ಮಕ್ಕಳಿಗೆ ಗುಟುಕು ಗುಟುಕಾಗಿ ಕುಡಿಸಿದೆ. ನನ್ನ ಗಂಡ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು.

ಮೂರರ ನಂತರ ಒಂದು ಪಿಕಪ್ಪು ನಮ್ಮ ಗಾಲಿಯ ಗುರುತು ಹಿಡಿದು ಬಂತು. ಓಡಿಸುತ್ತಿದ್ದವರು ಒಬ್ಬ ಮುದುಕ ಬದೂ, ಆ ಮರುಭೂಮಿಯ ಅಲೆಮಾರಿ ಜನದವರು. ರಸ್ತೆಗೆ ಇನ್ನೂರು ಹೆಜ್ಜೆ ಇರುವಲ್ಲಿ ಒಬ್ಬ ‘ಹಿಂದಿ’, ಎಂದರೆ ಇಂಡಿಯಾದವ, ಬಿದ್ದಿದ್ದನಂತೆ. ನೀರು ಹಿಡಿದರೆ ಕೈಯಿಂದ ತಳ್ಳಿ, ನಮ್ಮ ದಿಕ್ಕಿಗೆ ಬೆರಳು ತೋರಿಸಿ, "ಔಲಾದ್, ಔಲಾದ್" ಎಂದನಂತೆ. ಮಕ್ಕಳು, ಮಕ್ಕಳು. ಅವರನ್ನು ಒಂದು ಲಾರಿಗೆ ಹತ್ತಿಸಿ ಆಸ್ಪತ್ರೆಗೆ ಕಳುಹಿಸಿ ಮುದುಕ ನಮ್ಮ ಕಡೆ ತಿರುಗಿದ್ದರು. ಲಾರಿ ಆಸ್ಪತ್ರೆ ಮುಟ್ಟುವಾಗ ಅವರ ಜೀವ ಹೋಗಿತ್ತು.

ಕೇಳಿದವರಿಗೆಲ್ಲ ನನ್ನ ಗಂಡ ತಾನು ಕೇಳಿದ್ದನ್ನೇ ಹೇಳಿದರು: ಟ್ಯಾಂಕ್ ಸೋರಿತು, ವಾಷರ್ ಸರಿ ಇರಲಿಲ್ಲ. ಪೊಲೀಸರಿಗೆ ಹೇಳಿದರು, ಗ್ಯಾರೇಜಿನವರಿಗೆ ಹೇಳಿದರು, ಊರಿಗೆ ಫೋನು ಮಾಡಿ ಅವರ ಹೆಂಡತಿಗೂ ಹೇಳಿದರು. ಒಂದೊಂದು ಸಲವೂ ನಾನು ಪಕ್ಕದಲ್ಲೇ ಇದ್ದೆ. ನಾವು ಆ ಮನೆ ಬಿಟ್ಟೆವು. ಮಕ್ಕಳು ಬೆಳೆದರು. ಸ್ನಾನಕ್ಕೆ ಹೋದ ಮಗಳು ತಡಮಾಡಿದರೆ ಈಗಲೂ ಬಾಗಿಲು ತಟ್ಟಿ, ನೀರು ನಿಲ್ಲಿಸು ಎನ್ನುತ್ತೇನೆ.

ಕಳೆದ ತಿಂಗಳ ರಜೆಯಲ್ಲಿ ಉಡುಪಿಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕೂರಿಸಿ ಮಕ್ಕಳ ವಿಷಯ ಕೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಅಪ್ಪನ ಫೋಟೋ ಹಾಕಲು ಬಿಡುವುದಿಲ್ಲವಂತೆ. ಊರಿನವರ ಗಾಡಿಗಳನ್ನೆಲ್ಲ ನೋಡಿದವರಿಗೆ ತಮ್ಮದೊಂದು ವಾಷರ್ ನೋಡಿಕೊಳ್ಳಲು ಆಗಲಿಲ್ಲವೇ ಎಂದು ಅವಳಿಗೆ ಸಿಟ್ಟು, ಇನ್ನೂ ಇಳಿದಿಲ್ಲ.

ನಾನು ಹೇಳಿದೆ. ಮಗ್ಗು, ಶಾಂಪೂ, ಅಕ್ಕಿ, ಚಪ್ಪಲಿಯಿಂದ ಎಳೆದ ಮಣ್ಣು, ಎಲ್ಲವನ್ನೂ. ಅವರ ಹೆಂಡತಿ ಮೊದಲು ಕೇಳಿದ್ದು ತಮ್ಮ ಗಂಡನ ಬಗ್ಗೆ.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ನಿಮ್ಮ ಯಜಮಾನರಿಗೆ?"

ತಲೆಯಾಡಿಸಿದೆ, ಇಲ್ಲವೆಂದು. ಅವರು ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲ, ನಾನೇ ಎದ್ದು ಹೋಗಬೇಕು ಎಂದುಕೊಂಡೆ. ಒಂದು ಚೀಟಿ ಹಿಡಿದು ಬಂದರು. ಮಗಳ ನಂಬರು.

"ನಾನು ಹೇಳಿದ್ರೆ ಅಪ್ಪನ ಪರ ಮಾತಾಡ್ತೇನೆ ಅಂತಾಳೆ. ನೀವೇ ಹೇಳಿ. ಮೊದಲು ನಿಮ್ಮ ಮನೆಯಲ್ಲಿ ಹೇಳಿ, ಆಮೇಲೆ ಅವಳಿಗೆ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಿನ್ನೆ ನನ್ನ ಗಂಡನಿಗೆ ಹೇಳಿದೆ. ಬೆಳಿಗ್ಗೆ ತಿಂಡಿ ತಿನ್ನದೆ ಆಫೀಸಿಗೆ ಹೋದರು. ಆ ಹುಡುಗಿ ಬ್ಯಾಂಕು ಮುಗಿಸಿ ಆರಕ್ಕೆ ಮನೆ ಸೇರುತ್ತಾಳಂತೆ. ಅಲ್ಲಿ ಆರೆಂದರೆ ನಮಗಿಲ್ಲಿ ನಾಲ್ಕೂವರೆ. ಈಗ ನಾಲ್ಕು ದಾಟಿದೆ. ಇಬ್ಬರಿಗೆ ಹೇಳಿಯಾಯಿತು, ಮೂರನೆಯವಳಿಗೂ ಹೇಳುತ್ತೇನೆ. ಎಲ್ಲರಿಗಿಂತ ಮೊದಲು, ಆ ಬಿಸಿಲಿನಲ್ಲಿ, ಟವೆಲು ಸುತ್ತಿಕೊಳ್ಳುತ್ತಿದ್ದ ಆ ಒಬ್ಬರಿಗೆ ಹೇಳಬೇಕಿತ್ತು.