ಅಪ್ಪನ ಅಂಗೈಯ ಪುದೀನಾ

ಅಪ್ಪನದು ಮಾನ್ವಿಯಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಮನೆ ರಾಯಚೂರಿನಲ್ಲಿ. ಪ್ರತಿ ಶನಿವಾರ ಅಂಗಡಿ ಮುಚ್ಚಿ ಬರುವಾಗ ದಾರಿಯ ಧಾಬಾದಲ್ಲಿ ಎರಡು ಪೆಗ್ ಹಾಕಿ, ಅದೇ ಅಮಲಿನಲ್ಲಿ ಬೈಕು ಓಡಿಸುತ್ತ ಲಾರಿಗಳ ನಡುವೆ ನುಸುಳಿಕೊಂಡು ಬರುತ್ತಿದ್ದ. ಬೈಕಿನ ಸದ್ದು ಕೇಳುವವರೆಗೂ ಅವ್ವ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು. ನಾವು ಇರುವುದು ಮೂವರು. ಇಪ್ಪತ್ತು ರೊಟ್ಟಿ ಆದ ಶನಿವಾರಗಳೂ ಇವೆ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಗೆದ್ದು ಹಾಳಾದವಳು. ಕುಡಿಯಬೇಡ ಎಂಬ ವಾದ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲೇ ಸೋತಿತ್ತು. ಅದಕ್ಕೆ ವಿಷಯವನ್ನೇ ಬದಲಿಸಿದೆ: ಕುಡಿಯುವುದಾದರೆ ಮನೆಯಲ್ಲೇ ಕುಡಿ. ಅವ್ವ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು, ನಾಲ್ಕನೇ ದಿನ ಒಪ್ಪಿದಳು. ಅಪ್ಪ ಷರತ್ತು ಹಾಕಿದ. ಒಂದು ಶನಿವಾರ ನೋಡುತ್ತಾನೆ, ಧಾಬಾದ್ದಕ್ಕಿಂತ ರುಚಿ ಇಲ್ಲದಿದ್ದರೆ ನಾನು ಆ ಮಾತನ್ನು ಮತ್ತೆಂದೂ ಎತ್ತಬಾರದು.

ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. ವಿಸ್ಕಿ, ಸಕ್ಕರೆ, ಪುದೀನಾ, ಪುಡಿ ಮಾಡಿದ ಐಸು. ಬೆಳ್ಳಿ ಲೋಟವೇ ಬೇಕು ಎಂದ ವಿಡಿಯೊದವನು. ಯಾಕೆಂದು ಹೇಳಲಿಲ್ಲ, ಹಾಗಾಗಿ ಸ್ಟೀಲಿನದು ಸಾಕೆಂದು ತೀರ್ಪು ಕೊಟ್ಟೆ. ಬಜಾರಿನಲ್ಲಿ ನಾಲ್ಕು ಕಟ್ಟು ಪುದೀನಾ ಕೇಳಿದರೆ, ಸೊಪ್ಪು ಮಾರುವ ಚಾಚಾ ಬಿರಿಯಾನಿ ಎಷ್ಟು ಮಂದಿಗೆ ಎಂದರು. ಒಬ್ಬರಿಗೆ ಎಂದೆ. ನನ್ನನ್ನು ಬಹಳ ಗೌರವದಿಂದ ನೋಡಿದರು.

ಐಸನ್ನು ಟವೆಲ್ಲಿನಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದೆ. ಎಲೆಯನ್ನು ಮೆಲ್ಲಗೆ ಒತ್ತಿ, ಜಜ್ಜಬೇಡಿ ಎಂದಿದ್ದ ವಿಡಿಯೊದವನು. ಅದಕ್ಕೂ ಕಾರಣ ಕೊಟ್ಟಿರಲಿಲ್ಲ. ಅವ್ವನ ಕುಟ್ಟುವ ಕಲ್ಲಿಗೆ ಹಾಕಿ ನುಣ್ಣಗೆ ಕುಟ್ಟಿದೆ. ಬೆಳಿಗ್ಗೆ ಅವ್ವ ಅದರಲ್ಲೇ ಹಸಿಮೆಣಸಿನಕಾಯಿ ಖಾರ ಕುಟ್ಟಿದ್ದಳು. ನಾನು ಕಲ್ಲು ತೊಳೆದೇ ಕುಟ್ಟಿದ್ದೆ. ಆದರೆ ವರ್ಷಗಟ್ಟಲೆ ಖಾರ ಕುಡಿದ ಕಲ್ಲು ಒಂದು ಚೊಂಬು ನೀರಿಗೆ ಎಲ್ಲಿ ಬಗ್ಗುತ್ತದೆ?

ಅಪ್ಪ ಧಾಬಾದಲ್ಲಿ ನಿಲ್ಲದೆ, ಹೊತ್ತು ಮುಳುಗುವ ಮೊದಲೇ ಬಂದ. ನಾನು ಕಲಸಿಟ್ಟ ಲೋಟದಿಂದ ಒಂದು ಗುಟುಕು ಕುಡಿದ. ಕೆಮ್ಮಿದ. ಕಣ್ಣಲ್ಲಿ ನೀರು ಬಂತು.

“ಇದು ಕುಡಿಯೋದೇನ ಬೇ, ರೊಟ್ಟಿಗೆ ಹಚ್ಚಿಕೊಳ್ಳೋದ?”

ಅವ್ವ ನಗಲಿಲ್ಲ. ಅಪ್ಪ ಮೊಳೆಗೆ ನೇತುಹಾಕಿದ್ದ ಬೈಕಿನ ಚಾವಿ ತಗೊಂಡು ಬಾಗಿಲಿಗೆ ನಡೆದ. ನನ್ನಲ್ಲಿ ಇನ್ನೂ ಎರಡು ವಾದಗಳಿದ್ದವು. ಅವ್ವನ ಮುಖ ನೋಡಿ ಎರಡನ್ನೂ ನುಂಗಿದೆ.

“ಯಪ್ಪಾ, ನನಗ ಮಾಡಾಕ ಬರಲಿಲ್ಲ,” ಎಂದೆ. “ನೀನ ತೋರಿಸು.”

ಇಂಥ ಮಾತು ಅದುವರೆಗೆ ನನ್ನ ಬಾಯಿಂದ ಬಂದದ್ದೇ ಇರಲಿಲ್ಲ. ಅಪ್ಪ ನಿಂತ. ಉಳಿದ ಪುದೀನಾ ಕಟ್ಟಿನ ಕಡೆ ನೋಡಿದ. ಚಾವಿ ಜೇಬಿಗೆ ಹಾಕಿ, ನಾಲ್ಕೆಲೆ ಕಿತ್ತು ಎಡ ಅಂಗೈಯಲ್ಲಿಟ್ಟುಕೊಂಡ. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತಾನಲ್ಲ, ಹಾಗೇ ಹೆಬ್ಬೆರಳಲ್ಲಿ ಹದವಾಗಿ ತಿಕ್ಕಿ, ಎರಡು ಸಲ ತಟ್ಟಿ, ಹೊಸ ಲೋಟಕ್ಕೆ ಸುರಿದ. ಅಡುಗೆಮನೆಯೆಲ್ಲ ಘಮ್ಮೆಂದಿತು.

“ಮಾತಾಡಿದಷ್ಟ ಹಗುರ ಅಲ್ಲ ಇದು,” ಎನ್ನುತ್ತ ಸಕ್ಕರೆ, ಐಸು, ವಿಸ್ಕಿ ಎಲ್ಲ ತಾನೇ ಹಾಕಿಕೊಂಡ. ಒಂದು ಗುಟುಕು ಕುಡಿದ. ಮತ್ತೊಂದು ಗುಟುಕು ಕುಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

ಅವ್ವ ಬಂದು ಕೈ ಚಾಚಿದಳು. “ಚಾವಿ ಕೊಡ್ರಿ.”

ಕೊಟ್ಟ.

ಕಲ್ಲಿನಲ್ಲಿ ಉಳಿದಿದ್ದ ನನ್ನ ಪುದೀನಾಕ್ಕೆ ಅವ್ವ ಉಪ್ಪು, ಹುಣಸೆಹಣ್ಣು ಹಾಕಿ ಚಟ್ನಿ ಮಾಡಿದಳು. ಚಟ್ನಿ ಭಾರಿ ಆಗಿದೆ ಎಂದು ಇಬ್ಬರೂ ಒಮ್ಮತಕ್ಕೆ ಬಂದರು. ಆ ಶನಿವಾರ ರೊಟ್ಟಿ ಒಂದು ಕಡಿಮೆ ಬಿತ್ತು.