ಬಣ್ಣದಕ್ಕ ಬರೆದ ಎರಡು ಚಿತ್ರ

ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ಬಣ್ಣದಕ್ಕ. ಅಪ್ಪ ಹೋದ ಮೇಲೆ ಅವನ ಕುಂಚ, ಏಣಿ, ಡಬ್ಬಿಗಳನ್ನೆಲ್ಲ ಅವಳು ಕೈಗೆತ್ತಿಕೊಂಡಾಗ ಹೆಣ್ಣುಮಗಳು ಏಣಿ ಹತ್ತುತ್ತಾಳಂತೆ ಎಂದು ನಕ್ಕವರೇ ಆಮೇಲೆ ತಮ್ಮ ಅಂಗಡಿಗೆ ಬೋರ್ಡು ಬರೆಸಲು ಅವಳ ಬಾಗಿಲಲ್ಲಿ ಕಾದರು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಲಾರಿಗಳ ಹಿಂಬದಿ, ಊರಲ್ಲಿ ಓದಲು ಸಿಗುವ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವಳ ಕೈಯವು. ಹಲ್ಲಿನ ಡಾಕ್ಟರಿಗೆ ಅವಳು ಬರೆದುಕೊಟ್ಟ ಹಲ್ಲು ಎಷ್ಟು ಚೆನ್ನಾಗಿತ್ತೆಂದರೆ, ಅಂಥದ್ದೊಂದು ಆ ಡಾಕ್ಟರ ಬಾಯಲ್ಲೂ ಇರಲಿಲ್ಲ.

ಮದುವೆಯಾಗಲಿಲ್ಲ. ಕೇಳಿದವರಿಗೆ "ಏಣಿ ಹಿಡ್ಕೊಳ್ಳೋ ಅಂಥವನು ಸಿಗಲಿಲ್ಲ" ಎನ್ನುತ್ತಿದ್ದಳು. ಅಣ್ಣ ಅತ್ತಿಗೆಯ ಜೊತೆಯಲ್ಲೇ ಇದ್ದಳು. ಅಣ್ಣನದು ಪ್ರೆಸ್ಸು. ಕೆಳಗೆ ಯಂತ್ರ, ಮೇಲೆ ಮನೆ. ಯಂತ್ರ ಓಡುವಾಗ ಅಡುಗೆಮನೆಯ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಲೋಟ ಸುಮ್ಮನಾದರೆ ಅತ್ತಿಗೆಗೆ ಕೈಕಾಲು ಆಡುತ್ತಿರಲಿಲ್ಲ, ಕೆಲಸ ಇಲ್ಲ ಅಂತ ಅರ್ಥ.

ಚುನಾವಣೆ ಬಂತೆಂದರೆ ಮಾತ್ರ ಹಗಲೆಲ್ಲ ಲೋಟಗಳು ಕುಣಿಯುತ್ತಿದ್ದವು. ಅಣ್ಣ ಪೋಸ್ಟರ್ ಹೊಡೆಯುತ್ತಿದ್ದ, ತಂಗಿ ಗೋಡೆ ಬರೆಯುತ್ತಿದ್ದಳು. ಇವರದು ಅವರದು ಎನ್ನದೆ ಎಲ್ಲ ಪಕ್ಷಕ್ಕೂ. ಒಂದೇ ದಿನ ಬೆಳಿಗ್ಗೆ ನೇರಳೆ ಪಕ್ಷ, ಮಧ್ಯಾಹ್ನ ಕಂದು ಪಕ್ಷ. "ಬೈಗುಳ ಮಾತ್ರ ಬರೆಯಲ್ಲ, ಬಾಕಿ ಏನು ಬೇಕಾದ್ರೂ ಹೇಳಿ" ಎನ್ನುವುದು ಅವಳ ಕರಾರು. ಅದಕ್ಕಿಂತ ಹೆಚ್ಚು ಯೋಚಿಸುವ ಗೋಜಿಗೆ ಅವಳು ಹೋಗಿರಲಿಲ್ಲ.

ಆ ಸಲದ ಮತದಾನ ಶಾಲೆಯಲ್ಲಿ ನಡೆಯಿತು. ಸಾಲು ಗೇಟಿನಾಚೆಗೂ ಬೆಳೆದಿತ್ತು. ಬಣ್ಣದಕ್ಕನ ಮುಂದೆ ನಿಂತಿದ್ದವನು ಸಿಟಿ ಬಸ್ಸಿನ ಕಂಡಕ್ಟರು, ಪಕ್ಕದ ಬೀದಿಯ ಹುಡುಗ. ಅವನ ತಾಯಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ನಿಂತು ನಿಂತು ಮಂಡಿ ನೋವು ಬಂದವಳನ್ನು ಶಾಲೆಯ ಮೆಟ್ಟಿಲ ಮೇಲೆ ಕೂರಿಸಿ, ಅವಳ ಜಾಗವನ್ನೂ ತನ್ನ ಜಾಗವನ್ನೂ ತಾನೊಬ್ಬನೇ ಕಾಯುತ್ತಿದ್ದ. ಸಾಲು ಅಲುಗಾಡದೆ ನಿಂತಾಗೆಲ್ಲ "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆಲ್ಲ ಖಾಲಿ ಇದೆ" ಎಂದು ಬಸ್ಸಿನ ರಾಗದಲ್ಲಿ ಕೂಗುತ್ತಿದ್ದ. ಜನ ನಗುತ್ತಿದ್ದರು.

ಆಗ ಜೀಪು ಬಂತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ದೊಣ್ಣೆ ಹಿಡಿದು ಇಳಿದರು. ಕೆಲವರು ಮತಪೆಟ್ಟಿಗೆಯ ಕೋಣೆಗೆ ನುಗ್ಗಿದರು, ಉಳಿದವರು ಸಾಲನ್ನು ಚದುರಿಸತೊಡಗಿದರು. ಕಂಡಕ್ಟರು ಯಾರ ಮೇಲೂ ಕೈ ಮಾಡಲಿಲ್ಲ. "ಅಮ್ಮಾ, ಎದ್ದೇಳು" ಎಂದು ಮೆಟ್ಟಿಲ ಕಡೆ ತಿರುಗಿದ ಅಷ್ಟೆ. ಹಿಂದಿನಿಂದ ತಲೆಗೆ ಬಿತ್ತು. ಬಣ್ಣದಕ್ಕ ಗೋಡೆಗೆ ಅಂಟಿಕೊಂಡು ನಿಂತಲ್ಲೇ ಎಲ್ಲವನ್ನೂ ನೋಡಿದಳು. ಪೆಟ್ಟಿಗೆ ಹೊತ್ತು ಜೀಪು ಹೊರಟಾಗ ಅದರ ನಂಬರಿನ ಮೇಲೆ ಗೋಣಿಚೀಲ ನೇತಾಡುತ್ತಿತ್ತು. ಆದರೆ ಅದಕ್ಕಿಂತ ಮೇಲೆ ಜೀಪಿನ ಬೆನ್ನಿಗಿದ್ದ 'ನಿಧಾನವೇ ಲೇಸು' ಎಂಬ ಅಕ್ಷರಗಳು ಅವಳವೇ. ಪುರಸಭೆಯ ಅಧ್ಯಕ್ಷರ ಭಾವಮೈದ ಹೋದ ತಿಂಗಳು ಪಕ್ಕದಲ್ಲೇ ನಿಂತು ಬರೆಸಿಕೊಂಡಿದ್ದ.

ಸಂಜೆಯೊಳಗೆ ಕಂಡಕ್ಟರು ತೀರಿಕೊಂಡ. ತಾಯಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವಳು ಒಗೆದ ಹೊದಿಕೆಯ ಮೇಲೆಯೇ.

ಅವನನ್ನು ಮಣ್ಣು ಮಾಡಿದ ಮಾರನೇ ದಿನ ಅಧ್ಯಕ್ಷರು ಸ್ವತಃ ಪ್ರೆಸ್ಸಿಗೆ ಬಂದರು. ಅವರದು ನೇರಳೆ ಪಕ್ಷ. ಯಾರ ಎದುರೂ ದನಿ ಏರಿಸದ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು, "ನಮ್ಮ ಹುಡುಗನ್ನ ಕಂದು ಪಕ್ಷದವರು ಹೊಡೆದು ಹಾಕಿದ್ರು. ಅವನ ಮುಖ ದೊಡ್ಡದಾಗಿ ಒಂದು ಬರೆದುಕೊಡಿ ಅಕ್ಕ. ಹೆಗಲ ಮೇಲೆ ನಮ್ಮ ಶಾಲು ಇರಲಿ. ಅಣ್ಣ ಅದನ್ನೇ ಪೋಸ್ಟರ್ ಮಾಡಲಿ" ಎಂದರು.

"ಅವನು ನಿಮ್ಮ ಪಕ್ಷದವನಾ?" ಎಂದಳು ಬಣ್ಣದಕ್ಕ.

"ಈಗ ಅವನು ಬೇರೆ ಯಾರವನು ಹೇಳಿ?"

ಅವರು ಹೋದ ಮೇಲೆ ಮಹಡಿಯ ಮನೆಯಲ್ಲಿ ಅಣ್ಣ ತಂಗಿಯರಿಗೆ ಜಟಾಪಟಿಯಾಯಿತು. "ಜೀಪು ಯಾರದ್ದು ಅಂತ ನಾನು ಕಣ್ಣಾರೆ ನೋಡಿದೀನಿ ಅಣ್ಣಾ" ಎಂದಳು. ಅಣ್ಣ ಎದ್ದು ಕಿಟಕಿ ಮುಚ್ಚಿದ. "ನೋಡಿದ್ಯಾ ಅಂತ ನಿನ್ನ ಯಾರಾದ್ರೂ ಕೇಳಿದ್ರಾ? ಇಲ್ಲ ತಾನೇ? ಆ ಮನುಷ್ಯ ಮುಖ ತಿರುಗಿಸಿದ್ರೆ ಊರಲ್ಲಿ ಒಂದು ವಿಸಿಟಿಂಗ್ ಕಾರ್ಡೂ ನಮ್ಮ ಹತ್ರ ಬರಲ್ಲ. ಕೈ ಮುಗಿತೀನಿ, ಬರೆದು ಕೈ ತೊಳ್ಕೋ." ಅತ್ತಿಗೆ ಲೋಟಗಳ ಕಡೆ ನೋಡುತ್ತಾ ನಿಂತಿದ್ದಳು.

ಬರೆಯಲು ಮುಖ ಬೇಕಲ್ಲ. ಬಣ್ಣದಕ್ಕ ಕಂಡಕ್ಟರನ ತಾಯಿಯ ಮನೆಗೆ ಹೋದಳು. ಒಂದು ಫೋಟೋ ಕೊಡಮ್ಮ ಎಂದಳು, ಯಾತಕ್ಕೆ ಎನ್ನಲಿಲ್ಲ. ತಾಯಿಯೂ ಕೇಳಲಿಲ್ಲ. ಮಗನ ಅಂಗಿಯ ಜೇಬಿನಿಂದ ಗುರುತಿನ ಚೀಟಿ ತೆಗೆದು, "ಚೆನ್ನಾಗಿ ಬರಿ ಕಂದಾ, ಇದರಲ್ಲಿ ಅವನು ನಗ್ತಾ ಇಲ್ಲ" ಎಂದಳು.

ಬಣ್ಣದಕ್ಕ ನಗಿಸಿಯೇ ಬರೆದಳು. ಹೆಗಲ ಮೇಲೆ ನೇರಳೆ ಶಾಲನ್ನೂ ಹೊದಿಸಿದಳು.

ಪೋಸ್ಟರು ಊರೆಲ್ಲ ಹರಡಿತು. ತಾಯಿ ಅದನ್ನು ಮೊದಲು ಕಂಡದ್ದು ಆಸ್ಪತ್ರೆಯ ಗೇಟಿನಲ್ಲಿ. ಒಂದನ್ನು ಕಿತ್ತುಕೊಂಡು ನೇರವಾಗಿ ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದಳು. ಕೂತ್ಕೋ ಅಮ್ಮಾ ಎಂದರೂ ಕೂರಲಿಲ್ಲ.

"ಮುಖ ನನ್ನ ಮಗಂದೇ. ಮೈ ಯಾರದ್ದು?" ಎಂದು ಕೇಳಿದಳು.

ತಾಯಿ ಕಾಗದವನ್ನು ನೀಟಾಗಿ ಮಡಚಿ, ಒಗೆದ ಬಟ್ಟೆ ಇಡುವ ಹಾಗೆ ಮೇಜಿನ ಮೇಲಿಟ್ಟು ಇಳಿದು ಹೋದಳು.

ಆ ವಾರವೇ ನೇರಳೆ ಪಕ್ಷದ ಮೆರವಣಿಗೆ ಹೊರಟಿತು. ಬಣ್ಣದಕ್ಕ ಬರೆದ ಮೂಲ ಚಿತ್ರವನ್ನು ಕೋಲಿಗೆ ಕಟ್ಟಿ ಮುಂದೆ ಹಿಡಿದಿದ್ದರು. ಸೇತುವೆಯಾಚೆ ಕಂದು ಪಕ್ಷದವರು ಹೆಚ್ಚು ಎಂದು ಹೆಸರಾದ ಬೀದಿಗೆ ಹೋಗಿ ಅಂಗಡಿಗಳಿಗೆ ಬೆಂಕಿ ಇಟ್ಟರು. ಅಲ್ಲೊಬ್ಬ ಕ್ಷೌರದಂಗಡಿಯವನಿದ್ದ. ಯಾವ ಪಕ್ಷದ ತಲೆಯಾದರೂ ಬಗ್ಗಿಸಿ ಕತ್ತರಿಸುವವನು. ಗಿರಾಕಿಗಳು ಕೂರುವ ಕುರ್ಚಿಯನ್ನು ಹೊರಗೆಳೆಯಲು ಒಳಗೆ ಹೋಗಿ ಎರಡೂ ಅಂಗೈ ಸುಟ್ಟುಕೊಂಡ. ಆಮೇಲೆ ಅವನ ಬೆರಳು ಕತ್ತರಿಯೊಳಗೆ ಹೋಗಲಿಲ್ಲ. ಬಣ್ಣದಕ್ಕ ತಾರಸಿಯ ಮೇಲೆ ನಿಂತು ಹೊಗೆ ನೋಡಿದಳು. "ನನ್ನ ಕೈಯಲ್ಲಿ ಬೆಂಕಿಪೊಟ್ಟಣ ಇರಲಿಲ್ಲ ಅಂತ ಎಷ್ಟು ಸಲ ಹೇಳ್ಕೊಂಡ್ರೂ ಸಮಾಧಾನ ಆಗ್ಲಿಲ್ಲ" ಎಂದು ಎಷ್ಟೋ ಕಾಲದ ಮೇಲೆ ನನಗೆ ಹೇಳಿದಳು.

ಬಸ್ ನಿಲ್ದಾಣದ ಉದ್ದನೆಯ ಗೋಡೆಯನ್ನು ನೇರಳೆ ಪಕ್ಷದವರು ವರ್ಷವಿಡೀ ತಮಗೆಂದು ಹಿಡಿದಿಟ್ಟಿದ್ದರು. ಒಂದು ಬೆಳಿಗ್ಗೆ ಅವಳು ಏಣಿ ತಂದು ಆ ಗೋಡೆಗೆ ಸುಣ್ಣ ಬಳಿದಳು. ಹಾಡಹಗಲಲ್ಲೇ. ಯಾರೂ ತಡೆಯಲಿಲ್ಲ. ಬಣ್ಣದಕ್ಕ ಪಕ್ಷದ ಗೋಡೆ ಬರೆಯುವುದು ಹೊಸತೇನಲ್ಲವಲ್ಲ. ಅಧ್ಯಕ್ಷರ ಕಡೆಯವನೊಬ್ಬ ಅವಳಿಗೆ ಚಹಾ ತಂದುಕೊಟ್ಟು, "ನಮ್ಮ ಅಧ್ಯಕ್ಷರ ಮುಖ ಯಾವ ಕಡೆ ಬರುತ್ತೆ ಅಕ್ಕ?" ಎಂದು ವಿಚಾರಿಸಿದ.

"ಜಾಗ ಉಳಿದ್ರೆ ನೋಡೋಣಪ್ಪ" ಎಂದಳು.

ಅವಳು ಬರೆದದ್ದು ಆ ದಿನದ ಸಾಲು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಆಳೆತ್ತರಕ್ಕೆ, ಅವತ್ತು ನಿಂತಿದ್ದವರೆಲ್ಲ ಅವತ್ತಿನ ಬಟ್ಟೆಯಲ್ಲೇ. ಮೆಟ್ಟಿಲ ಮೇಲೆ ತಾಯಿ. ಅವಳ ಕಡೆಗೆ ತಿರುಗುತ್ತಿರುವ ಕಂಡಕ್ಟರು, ಹೆಗಲ ಮೇಲೆ ಏನೂ ಇಲ್ಲ. ಗೋಡೆಗಂಟಿ ನಿಂತ ಒಬ್ಬ ಹೆಂಗಸು, ಅದು ತಾನೇ. ಕೊನೆಯಲ್ಲಿ ಹೊರಟುಹೋಗುತ್ತಿರುವ ಜೀಪಿನ ಬೆನ್ನು, ಗೋಣಿಚೀಲ, ಅದಕ್ಕಿಂತ ಮೇಲಿನ ಅಕ್ಷರ. ಕೆಳಗೆ ಒಂದೇ ಸಾಲು: 'ನಾವೆಲ್ಲ ಅಲ್ಲೇ ಇದ್ದೆವು.'

ಮೊದಲ ದಿನ ಜನಕ್ಕೆ ಖುಷಿಯೋ ಖುಷಿ. ತಮ್ಮನ್ನು ತಾವು ಹುಡುಕಿಕೊಂಡರು. "ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯಾ?" ಎಂದು ಟೈಲರು ಕೇಳಿದರೆ, ಅವನ ಹೆಂಡತಿ "ಅಕ್ಕ ದಯೆ ತೋರಿಸಿದಾಳೆ, ಸುಮ್ನಿರಿ" ಎಂದಳು. ಪತ್ರಿಕೆಯವನು ಫೋಟೋ ತೆಗೆದುಕೊಂಡು ಹೋದ. ಮಾರನೇ ದಿನ ಆ ಫೋಟೋ ದೊಡ್ಡ ಪಟ್ಟಣದ ಪತ್ರಿಕೆಯಲ್ಲಿ ಬಂತು. ಜನ ಚಿತ್ರ ಬಿಟ್ಟು ಕೆಳಗಿನ ಸಾಲನ್ನು ಓದಿಕೊಂಡದ್ದು ಆಗಲೇ.

ಟೈಲರೇ ಮೊದಲು ಬಂದ. "ಅಕ್ಕಾ, ನನ್ನನ್ನ ಅಳಿಸಿಬಿಡು. ಮೂರು ಹೆಣ್ಣುಮಕ್ಕಳು ನಂಗೆ." ಬಣ್ಣದಕ್ಕ ಅವನ ಮುಖವನ್ನೊಮ್ಮೆ ನೋಡಿ, ಸುಣ್ಣದ ಡಬ್ಬಿ ಎತ್ತಿಕೊಂಡಳು. ಆಮೇಲೆ ಔಷಧಿ ಅಂಗಡಿಯವನು, ಮೇಷ್ಟ್ರು, ಹಾಲಿನವಳು. ಯಾರಿಗೂ ಅವಳು ಎದುರಾಡಲಿಲ್ಲ. "ಅವರವರ ಭಯ ಅವರವರಿಗೆ. ನನ್ನ ಭಯ ಆ ಪೋಸ್ಟರಿನ ಮೇಲೆ ಇತ್ತಲ್ಲ" ಎನ್ನುತ್ತಿದ್ದಳು. ಸಾಲು ನಡುನಡುವೆ ಬೆಳ್ಳಗಾಗುತ್ತಾ ಹೋಯಿತು. ಕಡೆಗೆ ಗೋಡೆಯ ಮೇಲೆ ಉಳಿದವರು ತಾಯಿ, ಮಗ ಮತ್ತು ಅವಳು. ಜೀಪಂತೂ ಇತ್ತು; ಪತ್ರಿಕೆಯಲ್ಲಿ ಬಂದದ್ದನ್ನು ಅಳಿಸಿದರೆ ಒಪ್ಪಿಕೊಂಡಂತೆ ಎಂದು ಅಧ್ಯಕ್ಷರು ಅದನ್ನು ಮುಟ್ಟಿಸಲಿಲ್ಲ.

ಪತ್ರಿಕೆಯಿಂದಾಗಿ ತನಿಖೆ ನಡೆಯಿತು, ಅಧ್ಯಕ್ಷರ ಭಾವಮೈದನ ಮೇಲೆ ಕೇಸೂ ಆಯಿತು. ಮಗನನ್ನು ಹೊಡೆದವನ ಮುಖವನ್ನು ತಾಯಿ ಕಂಡಿರಲಿಲ್ಲ. ಜೀಪನ್ನು ಗುರುತಿಸಿ ಸಾಕ್ಷಿ ಹೇಳಲು ಹೋದವಳು ಬಣ್ಣದಕ್ಕ ಒಬ್ಬಳೇ. ಎದುರು ವಕೀಲರು ಸಣ್ಣ ವಯಸ್ಸಿನವರು, ತುಂಬಾ ಮರ್ಯಾದೆಯಿಂದ ಮಾತಾಡಿದರು. ಒಂದು ಕೈಯಲ್ಲಿ ಪೋಸ್ಟರು, ಇನ್ನೊಂದರಲ್ಲಿ ಗೋಡೆಯ ಫೋಟೋ.

"ಅಮ್ಮಾ, ಎರಡೂ ನೀವೇ ಬರೆದಿದ್ದಾ?"

"ಹೌದು."

"ಇದರಲ್ಲಿ ಸತ್ತವರು ನೇರಳೆ ಪಕ್ಷದವರು, ಅದರಲ್ಲಿ ನೇರಳೆ ಪಕ್ಷದವರೇ ಕೊಂದವರು. ಎರಡೂ ನಿಜ ಆಗೋಕೆ ಹೇಗೆ ಸಾಧ್ಯ?"

"ಮೊದಲನೇದು ಸುಳ್ಳು."

"ಗೊತ್ತಿದ್ದೇ ಬರೆದ್ರಾ?"

"ಗೊತ್ತಿದ್ದೇ ಬರೆದೆ" ಎಂದಳು.

"ಯಾರೋ ಹೇಳಿದ್ರು ಅಂತ ಸುಳ್ಳು ಬರೆಯೋರು, ಇನ್ಯಾರೋ ಹೇಳಿದ್ರು ಅಂತ ಇನ್ನೊಂದು ಬರೆಯಲ್ಲ ಅಂತ ನಂಬೋದು ಹೇಗೆ?" ಎಂದು ವಕೀಲರು ಕೂತುಬಿಟ್ಟರು. ಅವಳ ಮಾತು ನಿಜ ಎನ್ನಬಹುದಾಗಿದ್ದವರೆಲ್ಲ ಗೋಡೆಯಿಂದ ಅಳಿಸಿಕೊಂಡು ಹೋಗಿದ್ದರು. ಭಾವಮೈದ ಬಿಡುಗಡೆಯಾದ.

ಅಣ್ಣನ ಪ್ರೆಸ್ಸಿಗೆ ಕೆಲಸ ಬರುವುದು ನಿಂತಿತು. ಯಾರೂ ಕಲ್ಲು ಹೊಡೆಯಲಿಲ್ಲ, ಗಾಜು ಒಡೆಯಲಿಲ್ಲ, ಬರುವವರು ಬರಲಿಲ್ಲ ಅಷ್ಟೆ. ಯಂತ್ರ ಮಾರಿ ಅಣ್ಣ ಅತ್ತಿಗೆ ಬೇರೆ ಊರಿಗೆ ಹೋದರು. ಹೊರಡುವ ದಿನ ಅಣ್ಣ, "ಮೊದಲೇ ಬರೆಯಲ್ಲ ಅಂದಿದ್ರೆ ಇಷ್ಟೇ ತಾನೇ ಆಗ್ತಿತ್ತು" ಎಂದ. ಬರೆಯಿಸಿದವನು ತಾನೇ ಎಂಬುದು ಅವನಿಗೆ ಮರೆತಿತ್ತೋ, ನೆನಪಿದ್ದೇ ಹೇಳಿದನೋ, ಅವಳಿಗೆ ತಿಳಿಯಲಿಲ್ಲ. ಅಧ್ಯಕ್ಷರು ಮುಂದಿನ ಚುನಾವಣೆಯಲ್ಲಿ ಇನ್ನೂ ದೊಡ್ಡ ಕುರ್ಚಿ ಹಿಡಿದರು. ಹೊಸ ಬಸ್ ನಿಲ್ದಾಣ ಕಟ್ಟುವ ನೆಪದಲ್ಲಿ ಆ ಗೋಡೆ ಬಿತ್ತು.

ಬಣ್ಣದಕ್ಕ ಆಮೇಲೂ ಬೋರ್ಡು ಬರೆದಳು, ಪಕ್ಷದ ಗೋಡೆ ಮಾತ್ರ ಮುಟ್ಟಲಿಲ್ಲ. ಕ್ಷೌರದಂಗಡಿಯವನನ್ನು ನೋಡಲು ಆಗಾಗ ಹೋಗುತ್ತಿದ್ದಳು. ಅವನು ಅವಳ ಮೇಲೆ ಸಿಟ್ಟು ತೋರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಗುತ್ತಿತ್ತು.

ಕಂಡಕ್ಟರನ ತಾಯಿ ಕೆಲಸದಿಂದ ನಿವೃತ್ತಿಯಾದ ಮೇಲೆ ತಂಗಿಯ ಊರಿಗೆ ಹೊರಟಳು. ಬಸ್ಸು ಹತ್ತಿಸಲು ಬಣ್ಣದಕ್ಕ ಹೋಗಿದ್ದಳು. ತಾಯಿ ಕಿಟಕಿಯ ಪಕ್ಕ ಕೂತು ಊಟ ಬಿಡಬೇಡ, ಏಣಿ ಹತ್ತುವಾಗ ಹುಷಾರು ಎಂದೆಲ್ಲ ಹೇಳಿದಳು. ಗೋಡೆಯ ಚಿತ್ರದ ಬಗ್ಗೆ ಒಂದು ಮಾತಾಡಿದಳು: "ಅದರಲ್ಲಿ ಅವನು ಸರಿಯಾಗಿ ಬಂದಿದ್ದ." ಬಣ್ಣದಕ್ಕ ತಲೆಯಾಡಿಸಿದಳು. ಬಸ್ಸು ಹೊರಟಿತು.

"ಊರಿಗೆಲ್ಲ ಕಾಣೋ ಹಾಗೆ ಬರೆದೆ, ಕೋರ್ಟಲ್ಲಿ ಎಲ್ಲರ ಮುಂದೆ ಒಪ್ಕೊಂಡೆ" ಎಂದಳು ಬಣ್ಣದಕ್ಕ ನನ್ನ ಜೊತೆ ಕೊನೆಯ ಸಲ ಮಾತಾಡಿದಾಗ. "ಕಿಟಕಿ ಅಷ್ಟು ಹತ್ರ ಇತ್ತು. ಕೈ ಹಿಡಿದು 'ತಪ್ಪಾಯ್ತಮ್ಮ' ಅಂತ ಒಂದು ಮಾತು ಹೇಳ್ಬೇಕಿತ್ತು. ನಾನು ಬರೀ ಲಗೇಜ್ ಸರಿಯಾಗಿದೆಯಾ ಅಂತ ಕೇಳಿದೆ."